ತೂಗುವ ಸಾಮಾನಿಗೆ ಒಂದು ಸ್ಟ್ಯಾಂಡು



ಗಣಪತಿ ವಿಸರ್ಜನೆ ಮುಗಿದು ನವರಾತ್ರಿ ಹತ್ತಿರವಾಗುತ್ತಿದ್ದಂತೆ ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಫೋನುಗಳ ಧಾಟಿಯೇ ಬೇರೆಯಾಗುತ್ತದೆ. ಚಿತ್ರಗೀತೆ ಕೇಳುವವರ ನಡುವೆ ಸ್ಟಾಲು ಹಾಕುವವರೂ ಬಂದು ಸೇರಿಕೊಳ್ಳುತ್ತಾರೆ. ಕಾಂದಿವಲಿಯ ಚಾರ್‌ಕೋಪಿನಿಂದ ಒಬ್ಬ ಸಹೋದರಿ ಕೇಳಿದ ಪ್ರಶ್ನೆ ಇದು: "ಅಕ್ಕಾ, ಜುಮುಕಿ, ಬಾಗಿಲ ತೋರಣ, ಕಾಗದದ ಗೂಡುದೀಪ, ಮೂರನ್ನೂ ಮನೆಯಲ್ಲೇ ಮಾಡ್ತೇನೆ. ಸೊಸೈಟಿ ಹಾಲಿನಲ್ಲಿ ಎರಡು ದಿನಕ್ಕೆ ಒಂದು ಮೇಜು ಕೊಡ್ತಾರೆ. ಮೇಜಿನ ಮೇಲೆ ಹರಡಿದ್ರೆ ಜನ ಎತ್ತಿ ನೋಡ್ತಾರೆ, ಇದಕ್ಕೆ ಇಷ್ಟಾ ಅಂತ ಕೇಳಿ ಮುಂದೆ ಹೋಗ್ತಾರೆ. ತೂಗುಹಾಕುವ ಸ್ಟ್ಯಾಂಡು ಕೊಳ್ಳಲಾ, ಮಾಡಿಸಲಾ?"

ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಆಕೆಯ ಮೂರು ತಿಂಗಳ ರಾತ್ರಿ ನಿದ್ದೆ ಆ ಮೇಜಿನ ಮೇಲಿದೆ. ಅಡ್ಡ ಮಲಗಿಸಿದ ಜುಮುಕಿ ಬರಿಯ ಲೋಹದ ಚೂರು. ಮಡಿಸಿಟ್ಟ ತೋರಣ ಬಟ್ಟೆಯ ತುಂಡು. ಚಪ್ಪಟೆಯಾದ ಗೂಡುದೀಪವಂತೂ ಕಾಗದದ ಹಾಳೆಯೇ ಸರಿ. ತೂಗಲೆಂದು ಮಾಡಿದ್ದು ತೂಗಿದಾಗ ಮಾತ್ರ ತನ್ನ ಬೆಲೆಯನ್ನು ತಾನೇ ಹೇಳುತ್ತದೆ.

ಇದನ್ನು ಮುಂಬಯಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕಿವಿಯೋಲೆ ಮಾರುವವರು. ಸಾಲು ಸಾಲು ಓಲೆ ಸಿಕ್ಕಿಸಿದ ಹಲಗೆಯನ್ನು ಮೇಲಿನ ಸರಳಿಗೆ ನೇತುಹಾಕುತ್ತಾರೆ, ಅಷ್ಟೆ. ಗಾಡಿ ಅಲುಗಿದಾಗ ಓಲೆಗಳೂ ಅಲುಗುತ್ತವೆ, ನಿಂತವರ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ. ಮಲಾಡ್ ಬರುವುದರೊಳಗೆ ವ್ಯಾಪಾರ ಮುಗಿದಿರುತ್ತದೆ. ಕಣ್ಣಿನ ಎತ್ತರ, ಅಲುಗಲು ಜಾಗ, ಕೈಯಲ್ಲಿ ಒಯ್ಯುವಷ್ಟೇ ಭಾರ: ಒಳ್ಳೆಯ ಸ್ಟ್ಯಾಂಡಿಗೆ ಬೇಕಾದ ಗುಣ ಇವೇ.

ನಮ್ಮೂರಿನ ಕಡೆಯೂ ಈ ವಿದ್ಯೆ ಹೊಸದಲ್ಲ. ಉತ್ತರ ಕನ್ನಡದವರು ಚೌತಿಗೆ ಗಣಪತಿಯ ಮೇಲೆ ಕಟ್ಟುವ ಫಲಾವಳಿಯನ್ನು ನೆನಪಿಸಿಕೊಳ್ಳಿ. ಗೋವೆಯಲ್ಲಿ ಅದನ್ನೇ ಮಾಟೋಳಿ ಎನ್ನುತ್ತಾರೆ. ಚೌಕಟ್ಟಿಗೆ ತೆಂಗಿನಕಾಯಿ, ಸೌತೆಕಾಯಿ, ಅಡಿಕೆ, ಕಾಡಿನ ಹಣ್ಣುಗಳು ಒಂದೊಂದೂ ಬೇರೆ ಬೇರೆ ದಾರದಲ್ಲಿ ತೂಗುತ್ತವೆ. ಭಾರದ್ದನ್ನೆಲ್ಲ ಒಂದೇ ಕಡೆ ಕಟ್ಟಿದರೆ ಚೌಕಟ್ಟು ವಾಲುತ್ತದೆ. ಸ್ಟಾಲಿನಲ್ಲಿಯೂ ಅದೇ ಲೆಕ್ಕ. ಎರಡು ಬದಿಗೆ ಭಾರ ಸಮನಾಗಿರಲಿ, ಒಂದು ಮಾರಾಟವಾದ ಕೂಡಲೇ ಆ ಜಾಗಕ್ಕೆ ಇನ್ನೊಂದು ಬರಲಿ.

ಇನ್ನೊಂದು ಸಂಗತಿ ಹೇಳಬೇಕು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಮಾಡಿದ 1,755 ಕಸೂತಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಹೊಲಿದದ್ದು ಸೂಜಿಯಾದರೂ ದಾಖಲೆ ಸಿಕ್ಕಿದ್ದು ಪ್ರದರ್ಶನಕ್ಕೆ!

ಸರಿ, ಚಾರ್‌ಕೋಪಿನ ತಂಗಿಗೆ ಈಗ ಉತ್ತರ. ಮೊದಲ ವರ್ಷ ಕೊಳ್ಳಬೇಡಿ, ಮಾಡಿ. ಮೂರೂ ಸಾಮಾನಿಗೆ ಒಂದೇ ಸ್ಟ್ಯಾಂಡು ಸಾಲುವುದಿಲ್ಲ. ತೋರಣ ಮತ್ತು ಗೂಡುದೀಪಕ್ಕೆ ನೆಲದ ಮೇಲೆ ನಿಲ್ಲುವ ಬಾಗಿಲಿನಂಥ ಚೌಕಟ್ಟು ಬೇಕು. ಬಾಗಿಲಿನಂತೆಯೇ ಯಾಕೆಂದರೆ, ತೋರಣ ಕೊಳ್ಳುವವರು ಮನಸ್ಸಿನಲ್ಲಿ ತಮ್ಮ ಮನೆಯ ಬಾಗಿಲನ್ನು ಅಳೆಯುತ್ತಿರುತ್ತಾರೆ. ಇಲ್ಲಿಯ ಫ್ಲಾಟುಗಳ ಬಾಗಿಲು ಸುಮಾರು 3 ಅಡಿ ಅಗಲ. ನಿಮ್ಮ ಚೌಕಟ್ಟು 3½ ಅಡಿ ಅಗಲ, 6 ಅಡಿ ಎತ್ತರ ಇದ್ದರೆ ಸಾಕು.

ಮುಕ್ಕಾಲು ಇಂಚಿನ ಪಿವಿಸಿ ಪೈಪು, 10 ಅಡಿಯ ಎರಡು ತುಂಡು ತನ್ನಿ. ಒಂದನ್ನು 3 ಅಡಿಯ ಮೂರು ತುಂಡು, 1 ಅಡಿಯ ಒಂದು ತುಂಡು ಮಾಡಿಸಿ. ಇನ್ನೊಂದನ್ನು 3½ ಅಡಿಯದೊಂದು, 3 ಅಡಿಯದೊಂದು, 1 ಅಡಿಯ ಮೂರು. ಅರ್ಧ ಅಡಿ ಉಳಿಯುತ್ತದೆ. ಮೇಲಿನ ಮೂಲೆಗೆ ಎರಡು ಎಲ್ಬೋ, ಕಂಬಗಳ ನಡುವೆ ಎರಡು ಕಪ್ಲಿಂಗ್, ಬುಡಕ್ಕೆ ಎರಡು ಟೀ. ಟೀಯ ಎರಡು ಬದಿಗೆ 1 ಅಡಿಯ ತುಂಡು ಸಿಕ್ಕಿಸಿದರೆ ಅದೇ ಪಾದ. ಅಂಟು ಹಚ್ಚಲೇಬೇಡಿ, ಬಿಚ್ಚಿ ಜೋಡಿಸುವುದೇ ಇದರ ಲಾಭ. ಆದರೆ ಅಂಟಿಲ್ಲದ ಚೌಕಟ್ಟು ಪಕ್ಕಕ್ಕೆ ಓಲಾಡುತ್ತದೆ. ಅದಕ್ಕೆ ಹಿಂಭಾಗದಲ್ಲಿ ಮೂಲೆಯಿಂದ ಮೂಲೆಗೆ ಎರಡು ಹುರಿಯನ್ನು ಕತ್ತರಿಯಾಕಾರದಲ್ಲಿ ಬಿಗಿಯಿರಿ. ಪೈಪಿನ ಬಿಳಿ ಬಣ್ಣ ಆಸ್ಪತ್ರೆಯಂತೆ ಕಾಣುತ್ತದೆ ಎನ್ನುವವರು ಹಳೆಯ ಕಾಟನ್ ಸೀರೆಯ ಪಟ್ಟಿ ಸುತ್ತಿ. ಚೆನ್ನಾಗಿಯೇ ಕಾಣುತ್ತದೆ.

ಬುಡಕ್ಕೆ ಭಾರ ಬೇಕಲ್ಲವೇ? ಕಲ್ಲು ಹೊತ್ತು ಲೋಕಲ್ ಹತ್ತುವುದಕ್ಕಾಗುತ್ತದೆಯೇ! ಒಂದು ಲೀಟರಿನ ನಾಲ್ಕು ಖಾಲಿ ಬಾಟಲಿ ಒಯ್ಯಿರಿ, ಹಾಲಿನಲ್ಲಿ ನಲ್ಲಿ ನೀರು ತುಂಬಿ ಪಾದಗಳಿಗೆ ಕಟ್ಟಿ. ನಾಲ್ಕು ಕಿಲೋ ಭಾರ ಬಿಟ್ಟಿ ಸಿಕ್ಕಿತು. ಸಂಜೆ ಚೆಲ್ಲಿ ಬನ್ನಿ. ಎಲ್ಲ ಬಿಚ್ಚಿದ ಮೇಲೆ ಅತಿ ಉದ್ದದ ತುಂಡು 3½ ಅಡಿ. ಮಾಟುಂಗದ ಮೈಸೂರು ಅಸೋಸಿಯೇಶನ್ನಿನಲ್ಲಿ ಕಾರ್ಯಕ್ರಮವಿದ್ದು ಅಲ್ಲಿ ಮೇಜು ಸಿಕ್ಕಿದರೂ, ಗರ್ದಿ ಇಲ್ಲದ ಹೊತ್ತಿನಲ್ಲಿ ಕೈಯಲ್ಲೇ ಒಯ್ಯಬಹುದು.

ಜುಮುಕಿಗೆ ಮೇಜಿನ ಮೇಲಿನ ಸ್ಟ್ಯಾಂಡೇ ಸರಿ. ಮೇಜು ಎರಡೂವರೆ ಅಡಿ, ಸ್ಟ್ಯಾಂಡು ಎರಡೂವರೆ ಅಡಿ, ಒಟ್ಟು ಐದಡಿ: ನಿಂತ ಹೆಂಗಸರ ಕಣ್ಣಿಗೆ ನೇರ. ಹಳೆಯ ಫೋಟೊ ಫ್ರೇಮಿನ ಗಾಜು ತೆಗೆದು ಕೋಳಿಬಲೆ ಬಡಿದರೂ ಆಯಿತು. ಜೋಡಿಯಿಂದ ಜೋಡಿಗೆ ಎರಡು ಇಂಚು ಜಾಗ ಬಿಡಿ. ಇದ್ದಬದ್ದದ್ದೆಲ್ಲ ತುರುಕಿದರೆ ಒಂದೂ ಕಾಣುವುದಿಲ್ಲ. ಪಕ್ಕದಲ್ಲಿ ಕನ್ನಡಿ ಮರೆಯಬೇಡಿ. ಕನ್ನಡಿಯಿಲ್ಲದ ಓಲೆಯ ಸ್ಟಾಲು ನನಗಂತೂ ಉಪ್ಪಿಲ್ಲದ ಸಾರು.

ಬೆಳಕಿನ ವಿಷಯ ಸ್ವಲ್ಪ ನಿಂತು ಯೋಚಿಸುವಂಥದ್ದು. ಗೂಡುದೀಪಕ್ಕೆ ಬೆಳಕು ಒಳಗಿನಿಂದಲೇ ಬರಬೇಕು, ಅದೂ ಸಣ್ಣ ಎಲ್‌ಇಡಿ ಬಲ್ಬು. ಹಳೆಯ ಕಾಲದ ದೊಡ್ಡ ಬಲ್ಬು ದಿನವಿಡೀ ಉರಿದರೆ ಕಾಗದದ ಗತಿ ಏನು? ಕನ್ನಡಿ ಚೂರು ಹೊಲಿದ ತೋರಣಕ್ಕೆ ಎದುರಿನಿಂದ ಬೆಳಕು ಬೀಳಲಿ. ಚನ್ನಪಟ್ಟಣದ ಮರದ ಗೊಂಬೆಗಳನ್ನು ತರಿಸಿ ತೂಗುಹಾಕುವವರೂ ಇದ್ದೀರಿ. ಅವುಗಳ ಬಣ್ಣ ಅರಗಿನದು, ಬಿಸಿಗೆ ಮೆತ್ತಗಾಗುತ್ತದೆ. ಹಾಲಿನ ಹ್ಯಾಲೊಜೆನ್ ದೀಪದಿಂದ ದೂರವಿಡಿ.

ಕೊಳ್ಳುವ ಮಾತು. ಸಾವಿರ ರೂಪಾಯಿಯ ಸ್ಟ್ಯಾಂಡು, ಒಂದು ಜೊತೆ ಜುಮುಕಿಗೆ ನಲವತ್ತು ರೂಪಾಯಿ ಲಾಭ ಎಂದುಕೊಳ್ಳಿ. ಸ್ಟ್ಯಾಂಡಿನ ದುಡ್ಡು ಹುಟ್ಟಲಿಕ್ಕೇ 25 ಜೊತೆ ಮಾರಬೇಕು. ವರ್ಷಕ್ಕೆ ಒಂದೇ ಸ್ಟಾಲು ಹಾಕುವವರಿಗೆ ಇದು ಹೊರೆ. ವರ್ಷಕ್ಕೆ ನಾಲ್ಕೈದು ಸ್ಟಾಲು ಖಚಿತವಾದ ಮೇಲೆ ಕಬ್ಬಿಣದ ಮಡಚುವ ಸ್ಟ್ಯಾಂಡನ್ನು ಫ್ಯಾಬ್ರಿಕೇಶನ್ ಗಾಳೆಯಲ್ಲಿ ನಿಮ್ಮ ಅಳತೆಗೆ ಮಾಡಿಸಿ. ಅಳತೆ ಬರೆದುಕೊಂಡೇ ಹೋಗಿ, ಬಾಯಿಮಾತಿನಲ್ಲಿ ಹೇಳಿದ್ದು ಆರು ಇಂಚು ಹೆಚ್ಚಾಗಿ ಬರುತ್ತದೆ. ತಿರುಗುವ ಚಕ್ರದ ಸ್ಟ್ಯಾಂಡು ಮಾತ್ರ ನನಗೆ ಹಿಡಿಸದು. ಅಂಗಡಿಗೆ ಅದು ಸರಿ, ಸ್ಟಾಲಿನಲ್ಲಿ ಮಕ್ಕಳು ತಿರುಗಿಸಿ ತಿರುಗಿಸಿ ಅರ್ಧ ಸಾಮಾನು ನೆಲಕ್ಕೆ.

ಬಾಡಿಗೆಗೂ ದಾರಿಯುಂಟು. ಮದುವೆ ಫೋಟೊಗ್ರಾಫರುಗಳ ಬಳಿ ಹಿಂದಿನ ಪರದೆ ಕಟ್ಟುವ ಎರಡು ಕಾಲು, ಒಂದು ಅಡ್ಡ ಸರಳು ಇರುತ್ತದೆ, ಎತ್ತರವನ್ನೂ ಹೊಂದಿಸಬಹುದು. ಕೇಳಿ ನೋಡಿ. ಏನೂ ಸಿಗದಿದ್ದರೆ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಮಡಚುವ ಸ್ಟ್ಯಾಂಡು ಇದ್ದೇ ಇದೆ. ಮೇಲೊಂದು ಕಪ್ಪು ಬಟ್ಟೆ ಇಳಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ನಿಮ್ಮ ಅತ್ತೆಯವರನ್ನು ಬಿಟ್ಟು.

ಎಸ್ ಆಕಾರದ ಕೊಕ್ಕೆಗಳನ್ನು ಬೇಕಾದ್ದಕ್ಕಿಂತ ಒಂದು ಡಜನ್ ಹೆಚ್ಚು ಇಟ್ಟುಕೊಳ್ಳಿ. ಮನೆಗೆ ವಾಪಸು ಬರುವಾಗ ಅವು ಯಾವಾಗಲೂ ಕಡಿಮೆಯೇ ಇರುತ್ತವೆ.