ಹಲಾಲ್ ಎಂದರಷ್ಟೇ ಸಾಕೇ, ಬೆಲೆ ಕೇಳಬೇಡವೇ?

(ಕುಟುಂಬಗಳ ಉಳಿತಾಯದ ಕುರಿತು ಮಾಡಿದ ಭಾಷಣದ ಸಾರಾಂಶ)



ಕೊಲ್ಲಿ ರಾಷ್ಟ್ರಗಳಲ್ಲಿ ಬೆವರು ಸುರಿಸಿ ಉಳಿಸಿದ ಹಣವನ್ನು ಶೇರುಗಳಲ್ಲಿ ತೊಡಗಿಸುವ ಕುಟುಂಬಗಳು ಇಂದು ನಮ್ಮ ಪಟ್ಟಣಗಳಲ್ಲಿವೆ. ಆಗ ನಾವು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: "ಈ ಕಂಪೆನಿ ಹಲಾಲ್ ತಾನೇ?" ಈ ಪ್ರಶ್ನೆ ಅತ್ಯಗತ್ಯ. ಆದರೆ ಅಲ್ಲಿಗೇ ನಿಂತುಬಿಟ್ಟರೆ ಅಪಾಯವಿದೆ.

ವರ್ಷಕ್ಕೆ ಒಂದು ಲಕ್ಷ ಲಾಭ ತರುವ ಅಂಗಡಿಗೆ ಹತ್ತು ಲಕ್ಷ ಕೊಡಬೇಕೇ, ಅರವತ್ತು ಲಕ್ಷವೇ ಎಂದು ನಾವು ನೂರು ಬಾರಿ ಯೋಚಿಸುತ್ತೇವೆ. ಶೇರಿನ ಬೆಲೆ ಅದರ ವಾರ್ಷಿಕ ಗಳಿಕೆಯ ಎಷ್ಟು ಪಟ್ಟು ಎಂಬುದೂ ಇದೇ ಲೆಕ್ಕ. ಮಾರುಕಟ್ಟೆಯಲ್ಲಿ ಇದನ್ನು ಪಿ.ಇ. ಅನುಪಾತ ಎನ್ನುತ್ತಾರೆ.

ಅಮೆರಿಕದ ಮೈಕ್ರೋಸಾಫ್ಟ್ ಕಂಪೆನಿಯನ್ನೇ ನೋಡೋಣ. 1999ರ ಡಿಸೆಂಬರ್ ಅಂತ್ಯದಲ್ಲಿ ಮಾರುಕಟ್ಟೆಯು ಅದಕ್ಕೆ ಕಟ್ಟಿದ ಬೆಲೆ 60,000 ಕೋಟಿ ಡಾಲರಿಗೂ ಅಧಿಕ. 2000ದ ಜೂನ್‌ಗೆ ಮುಗಿದ ವರ್ಷದ ಲಾಭವಾದರೋ ಸುಮಾರು 940 ಕೋಟಿ ಡಾಲರ್. ಅಂದರೆ ಬೆಲೆಯು ಗಳಿಕೆಯ ಅರವತ್ತು ಪಟ್ಟಿಗೂ ಮಿಕ್ಕಿತ್ತು. 2011ರ ಜೂನ್‌ಗೆ ಮುಗಿದ ವರ್ಷದಲ್ಲಿ ಲಾಭ 2,300 ಕೋಟಿ ಡಾಲರ್ ದಾಟಿತು. ಆದರೆ ಶೇರಿನ ಬೆಲೆ? ಶೇರು ವಿಭಜನೆಯನ್ನು ಲೆಕ್ಕ ಹಿಡಿದರೂ 1999ರ ಅರ್ಧಕ್ಕಿಂತ ಕೆಳಗೆ! ಅನುಪಾತವು ಹತ್ತರ ಆಸುಪಾಸಿಗೆ ಕುಸಿದಿತ್ತು. ಆ ಹಳೆಯ ಬೆಲೆಯನ್ನು ಮತ್ತೆ ಮುಟ್ಟಿದ್ದು 2016ರಲ್ಲಿ.

ಕಂಪೆನಿ ಮುಳುಗಿರಲಿಲ್ಲ, ಬೆಳೆದಿತ್ತು. ಅತಿಯಾದದ್ದು ಕೊಂಡವರ ನಿರೀಕ್ಷೆ. ಲಾಭಾಂಶವೊಂದನ್ನು ಬಿಟ್ಟರೆ ಅವರ ಹಣ ಹದಿನಾರು ವರ್ಷ ಮೇಲೇಳಲಿಲ್ಲ. ಅಷ್ಟರಲ್ಲಿ ಅಂದು ಹುಟ್ಟಿದ ಮಗಳು ಕಾಲೇಜಿನ ಹೊಸ್ತಿಲಿಗೆ ಬಂದಿರುತ್ತಾಳೆ.

ಹಾಗೆಂದು ಅನುಪಾತ ಕಡಿಮೆಯಿದ್ದರೆ ಸಾಕೆಂದಲ್ಲ. ಒಂದು ವರ್ಷದ ಲಾಭ ಮರುವರ್ಷ ಕರಗಬಹುದು. ನಷ್ಟದಲ್ಲಿರುವ ಕಂಪೆನಿಗೆ ಈ ಲೆಕ್ಕವೇ ಅನ್ವಯಿಸದು. ಆದ್ದರಿಂದ ಹಲವು ವರ್ಷಗಳ ಗಳಿಕೆಯನ್ನೂ ಬೆಲೆಯನ್ನೂ ಜೊತೆಗಿಟ್ಟು ನೋಡಬೇಕು.

ಇಸ್ಲಾಮ್ ವ್ಯಾಪಾರವನ್ನು ಸಮ್ಮತಿಸಿದೆ, ಜೂಜನ್ನು ನಿಷೇಧಿಸಿದೆ. ಲಾಭ ನಷ್ಟಗಳಲ್ಲಿ ತಿಳಿದು ಪಾಲುದಾರರಾಗುವುದು ವ್ಯಾಪಾರ. ನಮಗಿಂತ ಹೆಚ್ಚು ತೆರುವವನು ನಾಳೆ ಸಿಕ್ಕಾನೆಂದು ಕಣ್ಣುಮುಚ್ಚಿ ಕೊಳ್ಳುವುದು ಜೂಜಿನ ನೆರೆಮನೆ. ಸಂಪತ್ತು ಅಲ್ಲಾಹನ ಅಮಾನತ್ತು. ಗಳಿಸಿದ್ದು ಹೇಗೆ ಎಂಬಂತೆಯೇ ವಿನಿಯೋಗಿಸಿದ್ದು ಹೇಗೆ ಎಂಬುದಕ್ಕೂ ನಾವು ಉತ್ತರಿಸಬೇಕಾಗಿದೆ.

ಅಲ್ಲಾಹನು ನಮಗೆ ವಿವೇಕವನ್ನು ಅನುಗ್ರಹಿಸಲಿ.