ಕಿವಿ ಮಂದವಾಯಿತೇ? ಚಿಕಿತ್ಸೆ ಇದೆ

(ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಹಾಲು ಉತ್ಪಾದಕ ಸದಸ್ಯರ ಮಾಹಿತಿ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಯವರು ನೀಡಿದ ಉಪನ್ಯಾಸ)



ದನದ ಡಾಕ್ಟರಿಗೆ ಮನುಷ್ಯರ ಕಿವಿಯ ಉಸಾಬರಿ ಯಾಕೆ ಎಂದು ನಿಮಗೆ ಅನಿಸಬಹುದು. ಕಿವಿಗೆ ಮದ್ದು ಕೊಡುವುದು ನನ್ನ ಕೆಲಸವಲ್ಲ, ಅದಕ್ಕೆ ಕಿವಿ-ಮೂಗು-ಗಂಟಲು ತಜ್ಞರಿದ್ದಾರೆ. ಆದರೆ ಹಟ್ಟಿಯಿಂದ ಹಟ್ಟಿಗೆ ತಿರುಗುವವನಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ದನವನ್ನು ನಿಜವಾಗಿ ಸಾಕುವ ಹಿರಿಯರು ಹಿಂದೆ ನಿಂತಿರುತ್ತಾರೆ. ಮಗನೋ ಸೊಸೆಯೋ ಮುಂದೆ ಬಂದು, "ಅವರಿಗೆ ಕೇಳಿಸುವುದಿಲ್ಲ, ನಮಗೆ ಹೇಳಿ" ಎನ್ನುತ್ತಾರೆ. ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಎಷ್ಟು ದಿನ ಹಾಲನ್ನು ಸಂಘಕ್ಕೆ ಹಾಕಬಾರದು ಎಂಬುದು ಗೊತ್ತಾಗಬೇಕಾದ್ದು ಹಾಲು ಕರೆಯುವ ಆ ಅಜ್ಜಿಗೇ ಅಲ್ಲವೇ?

ವಯಸ್ಸಾದಾಗ ಕಿವಿ ಒಮ್ಮೆಗೇ ಹೋಗುವುದಿಲ್ಲ. ಮೊದಲು ಕೀರಲು ಸ್ವರಗಳು, ಅಂದರೆ ಹೆಚ್ಚು ಕಂಪನದ ಧ್ವನಿಗಳು ಮರೆಯಾಗುತ್ತವೆ. ದನ ಅಂಬಾ ಎನ್ನುವುದು ಕೇಳುತ್ತದೆ, ಮಾತಿನ ಸ, ಶ, ತ, ಕ ಮಾತ್ರ ಜಾರಿಹೋಗುತ್ತವೆ. "ಸಾಲ ಎಷ್ಟಾಯಿತು" ಎಂದರೆ "ಹಾಲು ಎಷ್ಟಾಯಿತು" ಎಂದು ಕೇಳಿ ಉತ್ತರ ಬರುತ್ತದೆ, ಮನೆಯವರು ನಗುತ್ತಾರೆ. ಹಾಗೆ ನಾಲ್ಕು ಸಲ ನಕ್ಕರೆ ಆ ಮನುಷ್ಯ ಮಾತಾಡುವುದನ್ನೇ ಬಿಡುತ್ತಾನೆ. ಮಹಾಸಭೆಗೆ ಬರುವುದಿಲ್ಲ, ಬಯಲಾಟಕ್ಕೆ ಹೋಗುವುದಿಲ್ಲ. ಚೆಂಡೆ ಕೇಳಿದರೂ ಅರ್ಥ ಕೇಳಿಸುವುದಿಲ್ಲವಲ್ಲ. "ಅವರಿಗೆ ಬೇಕಾದ್ದು ಮಾತ್ರ ಕೇಳುತ್ತದೆ" ಎಂಬ ಮಾತು ನಮ್ಮ ಮನೆಗಳಲ್ಲಿ ಸಾಮಾನ್ಯ. ಅದು ಅನ್ಯಾಯದ ಮಾತು.

ನಮ್ಮ ಕಡೆ ಇದು ಜೀವದ ಪ್ರಶ್ನೆಯೂ ಹೌದು. 2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಕಾಡಾನೆ ದಾಳಿಗೆ ಇಬ್ಬರು ಬಲಿಯಾದರು. ಅವರಲ್ಲೊಬ್ಬರು ಬೆಳಿಗ್ಗೆ ಹಾಲಿನ ಸಂಘದ ಕೆಲಸಕ್ಕೆ ಹೊರಟವರು. ಕಿವಿ ಚುರುಕಾಗಿದ್ದವರಿಗೇ ಕಾಡಂಚಿನ ದಾರಿ ಇಷ್ಟು ಕಷ್ಟವಾದರೆ, ಬಿದಿರು ಮುರಿಯುವ ಸದ್ದಾಗಲಿ ಹಿಂದಿನಿಂದ ಕೂಗಿದ ಎಚ್ಚರಿಕೆಯಾಗಲಿ ಕೇಳಿಸದವರ ಪಾಡು ಏನು? ರಾತ್ರಿ ಕರು ಹಾಕಲು ಒದ್ದಾಡುವ ದನದ ನರಳಾಟವೂ ಅವರಿಗೆ ಕೇಳಿಸದು.

ಎಲ್ಲಾ ಕಿವುಡುತನಕ್ಕೂ ಯಂತ್ರ ಬೇಕಾಗಿಲ್ಲ. ಕೆಲವರದು ಬರೇ ಗಟ್ಟಿಯಾದ ಗುಗ್ಗೆ. ಡಾಕ್ಟರು ಅದನ್ನು ತೆಗೆದರೆ ಅಂದೇ ಕೇಳುತ್ತದೆ. ನೀವಾಗಿ ಕಡ್ಡಿ, ಪಿನ್ನು ಹಾಕಬೇಡಿ. ಕಿವಿ ಸೋರುವ ಮಕ್ಕಳಿಗೆ ಹಲವು ಸಲ ತಮಟೆಯಲ್ಲಿ ತೂತಿರುತ್ತದೆ, ಅದನ್ನು ಶಸ್ತ್ರಚಿಕಿತ್ಸೆಯಿಂದ ಮುಚ್ಚಬಹುದು. ಅಂಥ ಕಿವಿಗೆ ಬಿಸಿ ಎಣ್ಣೆ, ಸೊಪ್ಪಿನ ರಸ ಬಿಡುವುದು ಕೆಟ್ಟದ್ದು. ದನಕ್ಕೆ ತಂದು ಉಳಿದ ಮದ್ದನ್ನು ಬಿಡುವುದಂತೂ ಇನ್ನೂ ಕೆಟ್ಟದ್ದು. ಜೆಂಟಾಮೈಸಿನ್, ಸ್ಟ್ರೆಪ್ಟೋಮೈಸಿನ್ ನಾವು ದನಗಳಿಗೆ ಬಳಸುವ ಔಷಧಗಳು. ಒಳಗಿವಿಗೆ ಇವು ವಿಷವಾಗಬಲ್ಲವು. ಇನ್ನೊಂದು: ನಿನ್ನೆಯವರೆಗೆ ಸರಿಯಿದ್ದ ಕಿವಿ ಇಂದು ಬೆಳಿಗ್ಗೆ ಏಕಾಏಕಿ ಮುಚ್ಚಿಹೋದರೆ ಅದು ತುರ್ತು ಕಾಯಿಲೆ. ನೆಗಡಿಯೆಂದು ವಾರ ಕಾಯದೆ ಅಂದೇ ತಜ್ಞರ ಬಳಿ ಹೋಗಿ. ಮೊದಲ ದಿನಗಳ ಮದ್ದಿಗೆ ಗುಣವಾಗುವ ಅವಕಾಶ ಹೆಚ್ಚು.

ತೋಟದಲ್ಲಿ ದುಡಿಯುವ ಯುವಕರೂ ಕೇಳಬೇಕು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದು ಎಂಬುದು ತಜ್ಞರ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್ ತಲಪುವಾಗ ಉಳಿಯುವುದು 15 ನಿಮಿಷ. ಮರ ಕೊಯ್ಯುವ ಮೆಷಿನು ಇದನ್ನೂ ಮೀರುತ್ತದೆ, ಹುಲ್ಲು ಕೊಚ್ಚುವ ಮೆಷಿನೂ ಇದರ ಹತ್ತಿರದ್ದೇ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸತ್ತರೆ ಕೋಳಿಗೆ ಮತ್ತೆ ಹುಟ್ಟುತ್ತವೆ. ದನಕ್ಕೂ ನಮಗೂ ಆ ಭಾಗ್ಯವಿಲ್ಲ. ಆದುದರಿಂದ ಕಿವಿಗೆ ಮುಚ್ಚುವ ಕವಚ ಕೊಂಡುಕೊಳ್ಳಿ. ಹತ್ತಿ ತುರುಕಿದರೆ ಸಾಲದು.

ಇನ್ನು ಶ್ರವಣ ಸಾಧನ. ಕನ್ನಡಕ ಹಾಕಲು ನಾಚದವರು ಇದಕ್ಕೆ ಏಕೆ ನಾಚುತ್ತಾರೋ ನನಗೆ ತಿಳಿಯದು. ಆದರೆ ಕನ್ನಡಕದಂತೆ ಹಾಕಿದ ಕೂಡಲೇ ಎಲ್ಲ ಸರಿಯಾಗುವುದಿಲ್ಲ. ವರ್ಷಗಟ್ಟಲೆ ಮೌನಕ್ಕೆ ಒಗ್ಗಿದ ಮೆದುಳಿಗೆ ಪಾತ್ರೆಯ ಸದ್ದೂ ಸಿಡಿಲಿನಂತೆ ಕೇಳುತ್ತದೆ. ಮೊದಲು ಮನೆಯೊಳಗೆ ದಿನಕ್ಕೆ ಒಂದೆರಡು ಗಂಟೆ, ಅಭ್ಯಾಸವಾದ ಮೇಲೆ ಸಂಘಕ್ಕೆ, ಪೇಟೆಗೆ. ಸರಿಹೊಂದದಿದ್ದರೆ ಪೆಟ್ಟಿಗೆಯಲ್ಲಿಡದೆ, ಕೊಟ್ಟಲ್ಲಿಗೇ ಹೋಗಿ ಮರುಹೊಂದಾಣಿಕೆ ಮಾಡಿಸಿ. ನಮ್ಮ ಮಳೆಗಾಲದ ತೇವ ಇದಕ್ಕೆ ದೊಡ್ಡ ಶತ್ರು. ಸ್ನಾನಕ್ಕೆ, ದನ ತೊಳೆಯಲು ಹೋಗುವಾಗ ತೆಗೆದಿಡಿ. ರಾತ್ರಿ ತೇವ ಹೀರುವ ಸಿಲಿಕಾ ಹರಳುಗಳ ಡಬ್ಬಿಯಲ್ಲಿಡಿ. ಗುಂಡಿಯಂಥ ಬ್ಯಾಟರಿ ಮಕ್ಕಳ ಕೈಗೆ ಸಿಗದಿರಲಿ. ನುಂಗಿದರೆ ಪ್ರಾಣಾಪಾಯ.

ಇದರಿಂದ ಮರೆವಿನ ಕಾಯಿಲೆ ತಪ್ಪುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಅಮೆರಿಕದಲ್ಲಿ 70ರಿಂದ 84 ವರ್ಷದ 977 ಜನರ ಮೇಲೆ 3 ವರ್ಷ ನಡೆದ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ಒಟ್ಟಾರೆ ಎಲ್ಲರಲ್ಲಿ ವ್ಯತ್ಯಾಸ ಕಾಣಲಿಲ್ಲ, ಆದರೆ ಮರೆವಿನ ಅಪಾಯ ಮೊದಲೇ ಹೆಚ್ಚಿದ್ದವರಲ್ಲಿ ಬುದ್ಧಿಶಕ್ತಿ ಕುಗ್ಗುವ ವೇಗ ಅರ್ಧದಷ್ಟು ಇಳಿಯಿತು. ಹಾಗಾಗಿ ಭರವಸೆ ಕೊಡಲಾರೆ. ಆದರೂ ಮೊಮ್ಮಗುವಿನ ಮಾತು ಕೇಳಿಸುವುದು ಸಣ್ಣ ಲಾಭವೇನಲ್ಲ.

ಹೋಗುವುದೆಲ್ಲಿಗೆ? ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ಇದೆ. ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶಕ್ಕೇ ಹೆಸರಾದದ್ದು. ಹುಟ್ಟು ಕಿವುಡಿರಬಹುದೆಂಬ ಸಂಶಯವಿದ್ದರೆ, "ಮಾತು ತಡವಾಗಿ ಬರುತ್ತದೆ" ಎಂದು ಕಾಯದೆ ಮಗುವನ್ನು ಮೊದಲ ವರ್ಷದಲ್ಲೇ ತೋರಿಸಿ. ಶೇಕಡಾ 40 ಅಥವಾ ಹೆಚ್ಚಿನ ದೋಷವಿರುವವರಿಗೆ ಅಂಗವಿಕಲರ ಗುರುತಿನ ಚೀಟಿ ಸಿಗುತ್ತದೆ. ಆದಾಯ ಮಿತಿಯೊಳಗಿನವರಿಗೆ ಕೇಂದ್ರದ ಯೋಜನೆಯಲ್ಲಿ ಸಾಧನವೂ ಸಿಗುತ್ತದೆ. 60 ದಾಟಿದ ಬಡ ಹಿರಿಯರಿಗಾಗಿ 2017ರಿಂದ ವಯೋಶ್ರೀ ಯೋಜನೆ ಇದೆ.

ಸಂಘದ ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ಮುಂದಿನ ಮಹಾಸಭೆಯಲ್ಲಿ ಕಿವಿ ಮಂದವಾದ ಸದಸ್ಯರನ್ನು ಮೊದಲ ಸಾಲಿನಲ್ಲಿ ಕೂರಿಸಿ. ಕಾಗದ ನೋಡುತ್ತಾ ಗುಣುಗುಣು ಓದಬೇಡಿ. ಮುಖ ಎತ್ತಿ, ಬಾಯಿ ಕಾಣುವಂತೆ, ನಿಧಾನವಾಗಿ ಲೆಕ್ಕ ಹೇಳಿ. ಕಿರುಚುವ ಅಗತ್ಯವಿಲ್ಲ. ಬೋನಸ್ಸಿನ ದರ ಮಾತ್ರ ಎರಡು ಸಲ ಹೇಳಿ, ಅದನ್ನು ಎಲ್ಲರೂ ಕೇಳಲು ಬಯಸುತ್ತಾರೆ.