ಸ್ಟಾಕ್ ಇಲ್ಲ ಅಂದ್ಮೇಲೆ ಶುರುವಾಗೋ ಕೆಲಸ

ಇವತ್ತಿನ ಎಪಿಸೋಡ್ ಬ್ಯಾಕ್‌ಆರ್ಡರ್ ಬಗ್ಗೆ. ಮೊಬೈಲಲ್ಲಿ ಏನೋ ಆರ್ಡರ್ ಮಾಡಿರ್ತೀರ, ದುಡ್ಡೂ ಕಟ್ ಆಗಿರುತ್ತೆ, ಆಮೇಲೆ ಡೆಲಿವರಿ ಡೇಟ್ ಮುಂದಕ್ಕೆ ಮುಂದಕ್ಕೆ ಹೋಗ್ತಾನೇ ಇರುತ್ತೆ. ಆ ಕಡೆ ಏನು ನಡೀತಿದೆ? ಅಲ್ಲಿ ಸಾಫ್ಟ್‌ವೇರ್ ಮುಂದೆ ಕೂತಿರೋರಿಗೆ ಯಾವ್ಯಾವ ದಾರಿ ಇದೆ? ಅದನ್ನ ಬಿಡಿಸಿ ಹೇಳ್ತೀನಿ. ಇನ್‌ಸ್ಟಾಗ್ರಾಂನಲ್ಲೋ ವಾಟ್ಸಾಪ್‌ನಲ್ಲೋ ಸಣ್ಣದಾಗಿ ವ್ಯಾಪಾರ ಮಾಡ್ತಿರೋರು ಇದನ್ನ ಸ್ವಲ್ಪ ಗಮನ ಇಟ್ಟು ಕೇಳಿ.

ಬಿ.ಕಾಂ ಮುಗಿಸಿದ ಮೇಲೆ, ಪಾಡ್‌ಕಾಸ್ಟ್‌ಗೆ ಬರೋಕೆ ಮುಂಚೆ, ನಾನು ಬೆಂಗಳೂರಲ್ಲಿ ಒಬ್ಬ ಬೇರಿಂಗ್ ಡೀಲರ್ ಹತ್ರ ಆರ್ಡರ್ ಡೆಸ್ಕ್‌ನಲ್ಲಿದ್ದೆ. ಹಾಗಾಗಿ ಉದಾಹರಣೆ ಅಲ್ಲಿಂದಲೇ. ಬೇರಿಂಗ್ ಅಂದ್ರೆ ಫ್ಯಾನು, ಪಂಪು, ಬೈಕಿನ ಚಕ್ರ, ಹಿಟ್ಟಿನ ಗಿರಣಿ ಎಲ್ಲದರ ಒಳಗೂ ಇರೋ ಸಾಮಾನು. ಮಾರ್ಚ್, ಏಪ್ರಿಲ್ ಬಂದ್ರೆ ನಮ್ಮ ಫೋನ್ ಸುಮ್ನಿರ್ತಿರ್ಲಿಲ್ಲ. ಊರೂರಿನ ಮೋಟರ್ ರಿವೈಂಡಿಂಗ್ ಅಂಗಡಿಯವರ ಕಾಲ್‌ಗಳು. ತೋಟಕ್ಕೆ ನೀರು ಬಿಡೋ ಮೋಟರ್ ಬಿಚ್ಚಿ ಇಟ್ಕೊಂಡು ಕೂತಿರ್ತಾರೆ, ರೈತರು ಅಂಗಡಿ ಮುಂದೆ ನಿಂತಿರ್ತಾರೆ. ಅಂಥಾ ಟೈಮಲ್ಲಿ 'ಸ್ಟಾಕ್ ಇಲ್ಲ ಸಾರ್' ಅಂತ ಫೋನ್ ಇಡೋದು ಬಹಳ ಸುಲಭ. ಆ ಕಡೆ ಬಿಸಿಲಿಗೆ ಒಣಗ್ತಿರೋ ಅಡಿಕೆ ಸಸಿ ನಮ್ಮ ಸ್ಕ್ರೀನ್ ಮೇಲೆ ಕಾಣಲ್ಲ.

ಮೊದಲು ಮೂರು ಪದ ಬೇರೆ ಬೇರೆ ಮಾಡ್ಕೊಳ್ಳೋಣ. ಔಟ್ ಆಫ್ ಸ್ಟಾಕ್ ಅಂದ್ರೆ ಮಾಲಿಲ್ಲ, ಆರ್ಡರೂ ತಗೊಳಲ್ಲ. ಪ್ರೀ-ಆರ್ಡರ್ ಅಂದ್ರೆ ಇನ್ನೂ ಮಾರ್ಕೆಟ್‌ಗೇ ಬರದ ಸಾಮಾನಿಗೆ ಮುಂಗಡ ಬುಕಿಂಗ್. ಬ್ಯಾಕ್‌ಆರ್ಡರ್ ಅಂದ್ರೆ ಸದ್ಯ ಕೈಯಲ್ಲಿ ಮಾಲಿಲ್ಲ, ಆದ್ರೂ ತರಿಸಿ ಕೊಡ್ತೀವಿ ಅಂತ ಆರ್ಡರ್ ಒಪ್ಕೊಂಡಿದೀವಿ. ಅಂದ್ರೆ ಮಾತು ಕೊಟ್ಟಾಗಿದೆ. ಅದೊಂಥರಾ ಸಾಲ. ತೀರಿಸೋ ತನಕ ತಲೆ ಮೇಲೆ ಇರುತ್ತೆ.

ಈಗ ಲೆಕ್ಕ. ಸಾಫ್ಟ್‌ವೇರ್‌ನಲ್ಲಿ ಒಂದೇ ಐಟಂಗೆ ನಾಲ್ಕು ಸಂಖ್ಯೆ ಇರುತ್ತೆ. ಗೋಡೌನಲ್ಲಿ ಇರೋದು, ಈಗಾಗಲೇ ಬೇರೆ ಪಾರ್ಟಿಗೆ ಹೇಳಿಟ್ಟಿರೋದು, ಅದನ್ನ ಕಳೆದು ಉಳಿಯೋದು, ಮತ್ತೆ ಸಪ್ಲೈಯರ್ ಕಡೆಯಿಂದ ಬರಬೇಕಾಗಿರೋದು. ಒಂದು ಲೆಕ್ಕಕ್ಕೆ ಹೀಗೆ ಇಟ್ಕೊಳ್ಳಿ. ರ‍್ಯಾಕ್‌ನಲ್ಲಿ 30 ಬೇರಿಂಗ್ ಇದೆ. ಅದ್ರಲ್ಲಿ 15 ಬೇರೆಯವರಿಗೆ ಬುಕ್ ಆಗಿದೆ. ತಿಪಟೂರಿನ ಒಂದು ರಿವೈಂಡಿಂಗ್ ಅಂಗಡಿ 40 ಕೇಳ್ತು. ಕಣ್ಣಿಗೆ 30 ಕಂಡ್ರೂ ಕೊಡೋಕಾಗೋದು 15 ಮಾತ್ರ. ಬಾಕಿ 25 ಬ್ಯಾಕ್‌ಆರ್ಡರ್. ರ‍್ಯಾಕ್ ನೋಡಿ ಮಾತು ಕೊಡೋ ಅಂಗಡಿಗೂ, ಉಳಿಕೆ ನೋಡಿ ಮಾತು ಕೊಡೋ ಅಂಗಡಿಗೂ ಇರೋ ವ್ಯತ್ಯಾಸ ಇಲ್ಲೇ ಶುರು.

ಇನ್ನು 25 ಎಲ್ಲಿಂದ ತರೋದು? ಸಾಫ್ಟ್‌ವೇರ್ ಶುರು ಮಾಡೋಕೆ ಮುಂಚೆ ಒಂದು ಫೋನ್ ಮಾಡ್ಬೇಕು. 'ಅಣ್ಣ, 40ರಲ್ಲಿ ಈ ವಾರಕ್ಕೆ ಎಷ್ಟು ಬೇಕೇ ಬೇಕು?' ಅಂಗಡಿಯವರು ಸೀಸನ್ನಿಗೆ ಅಂತ ಒಟ್ಟಿಗೆ ಹೇಳಿರ್ತಾರೆ. 'ಸದ್ಯ 20 ಇದ್ರೆ ನಡೆಯುತ್ತೆ, ಉಳಿದಿದ್ದು ಹದಿನೈದು ದಿನ ಬಿಟ್ಟು ಬಂದ್ರೂ ಪರವಾಗಿಲ್ಲ' ಅಂತಾರೆ ಅಂದ್ಕೊಳ್ಳಿ. ನೋಡಿ, 25ರ ಸಮಸ್ಯೆ ಈಗ 5ಕ್ಕೆ ಇಳೀತು. 15 ಇವತ್ತೇ ಲೋಡ್‌ಗೆ ಹಾಕಬಹುದು. ಹುಡುಕಬೇಕಾಗಿರೋದು 5 ಮಾತ್ರ. ಆರ್ಡರ್ ಡೆಸ್ಕ್‌ನಲ್ಲಿ ನಾನು ಕಲಿತ ಅತಿ ಉಪಯೋಗದ ಪಾಠ ಈ ಒಂದು ಪ್ರಶ್ನೆ.

ಆ 5ಕ್ಕೆ ದಾರಿಗಳು ಒಂದೊಂದಾಗಿ.

ಒಂದು, ನಮ್ಮದೇ ಇನ್ನೊಂದು ಗೋಡೌನ್. ಹುಬ್ಬಳ್ಳಿಯಲ್ಲಿ ಇದ್ರೆ ತರಿಸ್ಬಹುದು. ಒಂದೇ ರಾಜ್ಯ, ಒಂದೇ ಜಿಎಸ್‌ಟಿ ನಂಬರ್ ಆದ್ರೆ ಅದು ಮಾರಾಟ ಅಲ್ಲ, ಡೆಲಿವರಿ ಚಲನ್ ಸಾಕು. ಅದೇ ಗೋಡೌನ್ ಚೆನ್ನೈನಲ್ಲಿದ್ರೆ ಜಿಎಸ್‌ಟಿ ನಂಬರ್ ಬೇರೆ. ಕಾನೂನಿನ ಕಣ್ಣಿಗೆ ಇಬ್ಬರೂ ಬೇರೆ ಬೇರೆ ವ್ಯಕ್ತಿಗಳು. ನಮ್ಮ ಮಾಲು ನಮಗೇ ಬಂದ್ರೂ ಟ್ಯಾಕ್ಸ್ ಇನ್‌ವಾಯ್ಸ್ ಹಾಕ್ಬೇಕು.

ಎರಡು, ಬೇರೆ ಸಪ್ಲೈಯರ್. ಅಡ್ರೆಸ್ ಬುಕ್ಕಲ್ಲಿ ಹೆಸರಿದ್ರೆ ಸಾಲದು. ಪ್ರತಿ ಐಟಂ ಕೆಳಗೆ ಯಾರ್ಯಾರು ಕೊಡ್ತಾರೆ, ಯಾವ ರೇಟು, ಕನಿಷ್ಠ ಎಷ್ಟು ತಗೋಬೇಕು, ಎಷ್ಟು ದಿನಕ್ಕೆ ಬರುತ್ತೆ ಅಂತ ಮೊದಲೇ ಬರೆದಿಟ್ಟಿರಬೇಕು. ಓಡೂದಲ್ಲಿ ಒಂದೇ ಪ್ರಾಡಕ್ಟ್‌ಗೆ ಹೀಗೆ ಹಲವು ವೆಂಡರ್‌ಗಳನ್ನ ದಿನ, ರೇಟು ಸಮೇತ ಸೇರಿಸ್ಬಹುದು. ಝೋಹೋ ಇನ್ವೆಂಟರಿಯಲ್ಲಿ ಸೇಲ್ಸ್ ಆರ್ಡರ್‌ನಿಂದಲೇ ಬ್ಯಾಕ್‌ಆರ್ಡರ್‌ಗೆ ಪರ್ಚೇಸ್ ಆರ್ಡರ್ ಎಬ್ಬಿಸ್ಬಹುದು. ನಮ್ಮ ಬೆಂಗಳೂರಿನ ಟ್ಯಾಲಿಯಲ್ಲಿ ಬಾಕಿ ಆರ್ಡರ್‌ಗಳ ರಿಪೋರ್ಟ್ ತೆಗೆದು, ರೀಆರ್ಡರ್ ಲೆವೆಲ್ ಹಾಕಿಟ್ಕೊಬಹುದು. ಯಾವುದೇ ಆಗ್ಲಿ, ಮುಖ್ಯವಾದ ಕೆಲಸ ಒಂದೇ: ಈ ಖರೀದಿ ಯಾರ ಆರ್ಡರ್‌ಗಾಗಿ ಅಂತ ಗಂಟು ಹಾಕೋದು. ಆ ಗಂಟು ಇಲ್ದಿದ್ರೆ ಮಾಲು ಬಂದ ದಿನ ಮೊದಲು ಫೋನ್ ಮಾಡಿದವ್ರಿಗೆ ಹೋಗಿಬಿಡುತ್ತೆ. ತಿಪಟೂರಿನವ್ರು ಮತ್ತೆ ಕಾಯ್ತಾ ಕೂತಿರ್ತಾರೆ.

ದುಡ್ಡಿನ ಲೆಕ್ಕ ನೋಡೋಣ. ಇವು ಬರೀ ಉದಾಹರಣೆಯ ರೇಟು. ಮಾಮೂಲಿ ಸಪ್ಲೈಯರ್ ಹತ್ರ ಒಂದಕ್ಕೆ 140 ರೂಪಾಯಿ, 12 ದಿನ. ಎಸ್‌ಜೆಪಿ ರೋಡಿನ ಸ್ಟಾಕಿಸ್ಟ್ ಹತ್ರ 165, ಇವತ್ತೇ ಸಿಗುತ್ತೆ. ನಾವು ಮಾರೋದು 180ಕ್ಕೆ. 25 ಬೇರಿಂಗೂ ಸ್ಟಾಕಿಸ್ಟ್ ಹತ್ರ ತಗೊಂಡ್ರೆ 625 ರೂಪಾಯಿ ಜಾಸ್ತಿ ಖರ್ಚು. ಬೇಕಾದ 5 ಮಾತ್ರ ತಗೊಂಡ್ರೆ 125. ಉಳಿದ 20 ಮಾಮೂಲಿ ದಾರೀಲೇ ಬರಲಿ. ಲಾಭ ಸ್ವಲ್ಪ ಇಳೀತು, ನಷ್ಟ ಆಗ್ಲಿಲ್ಲ, ಮೋಟರ್ ಓಡ್ತು. ಆದ್ರೆ ಎರಡನೇ ಸಲ ಕಳಿಸೋ ಟ್ರಾನ್ಸ್‌ಪೋರ್ಟ್ ಚಾರ್ಜ್ ಯಾರದ್ದು ಅಂತ ಅದೇ ಫೋನಲ್ಲಿ ಮಾತಾಡ್ಕೊಂಡ್ಬಿಡಿ. ಆಮೇಲೆ ಬಿಲ್ಲಲ್ಲಿ ಸೇರಿಸಿದ್ರೆ ಜಗಳ ಗ್ಯಾರಂಟಿ.

ಮೂರು, ಡ್ರಾಪ್‌ಶಿಪ್. ಪುಣೆಯ ಸಪ್ಲೈಯರ್ ನೇರವಾಗಿ ದಾವಣಗೆರೆಯ ಗ್ರಾಹಕರಿಗೆ ಕಳಿಸ್ತಾರೆ, ಮಾಲು ಬೆಂಗಳೂರಿನ ಮುಖಾನೂ ನೋಡಲ್ಲ. ಕಾಗದದಲ್ಲಿ ಮಾತ್ರ ಎರಡು ಮಾರಾಟ. ಪುಣೆಯಿಂದ ನಮಗೆ ಒಂದು, ನಮ್ಮಿಂದ ದಾವಣಗೆರೆಗೆ ಒಂದು. ಐಜಿಎಸ್‌ಟಿ ಕಾಯ್ದೆ 2017ರ ಸೆಕ್ಷನ್ 10ರಲ್ಲಿ ಇದಕ್ಕೆ ಜಾಗ ಇದೆ. ವ್ಯಾಪಾರದಲ್ಲಿ ಬಿಲ್ ಟು, ಶಿಪ್ ಟು ಅಂತಾರೆ. ನಾವೇ ಮಾಲು ತಗೊಂಡ್ವಿ ಅಂತ ಕಾನೂನು ಭಾವಿಸುತ್ತೆ. ಹಾಗಾಗಿ ಪುಣೆಯವ್ರು ನಮಗೆ ಹಾಕೋದು ಐಜಿಎಸ್‌ಟಿ, ನಾವು ದಾವಣಗೆರೆಗೆ ಹಾಕೋದು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ. ಇದನ್ನ ಸಾಫ್ಟ್‌ವೇರ್‌ನಲ್ಲಿ ಡ್ರಾಪ್‌ಶಿಪ್ ಅಂತ ಗುರುತು ಮಾಡದೇ ಮಾಮೂಲಿ ಖರೀದಿ ಥರ ಹಾಕಿದ್ರೆ, ಗೋಡೌನಲ್ಲಿ ಇಲ್ಲದ ಮಾಲು ಸ್ಟಾಕ್‌ನಲ್ಲಿ ಕಾಣುತ್ತೆ. ಇನ್ಯಾರಿಗೋ ಅದನ್ನೇ ನಂಬಿ ಮಾತು ಕೊಡ್ತೀವಿ. ಒಂದು ಬ್ಯಾಕ್‌ಆರ್ಡರ್ ತೀರಿಸೋಕೆ ಹೋಗಿ ಇನ್ನೊಂದು ಹುಟ್ಟಿಸ್ದಂಗೆ. ಇನ್ನೊಂದು ವಿಷಯ, ಡಬ್ಬದ ಜೊತೆ ಸಪ್ಲೈಯರ್ ಬಿಲ್ ಹೋದ್ರೆ ನಮ್ಮ ಖರೀದಿ ರೇಟು ಗ್ರಾಹಕರ ಕೈಯಲ್ಲಿರುತ್ತೆ. ಯಾವ ಕಾಗದ ಯಾರಿಗೆ ಹೋಗ್ಬೇಕು ಅಂತ ಮೊದಲೇ ಹೇಳ್ಬಿಡಿ.

ನಾಲ್ಕು, ಬದಲಿ ಸಾಮಾನು. ಇದು ನನಗೆ ಬಹಳ ಇಷ್ಟವಾದ ಭಾಗ. 6205 ಅನ್ನೋ ಬೇರಿಂಗ್ ತಗೊಳ್ಳಿ. ಒಳಗಿನ ತೂತು 25 ಮಿಲಿಮೀಟರ್, ಹೊರಗಿನ ಅಳತೆ 52, ದಪ್ಪ 15. ಕೊನೆಯ 05 ಅನ್ನೋದನ್ನ 5ರಿಂದ ಗುಣಿಸಿದ್ರೆ ತೂತಿನ ಅಳತೆ ಸಿಗುತ್ತೆ. ಈ ಅಳತೆ ಜಗತ್ತಿಗೆಲ್ಲ ಒಂದೇ, ಯಾವ ಕಂಪನಿ ಮಾಡಿದ್ರೂ ಕೂರುತ್ತೆ. ಹಾಗಂತ 6205 ಎಲ್ಲಾ ಒಂದೇನಾ? ಇಲ್ಲ. ನಂಬರ್ ಆದ್ಮೇಲೆ ಬರೋ ಬಾಲ ನೋಡ್ಬೇಕು. ಝಡ್‌ಝಡ್ ಅಂದ್ರೆ ಎರಡೂ ಕಡೆ ತಗಡಿನ ಮುಚ್ಚಳ. 2ಆರ್‌ಎಸ್ ಅಂದ್ರೆ ರಬ್ಬರ್ ಸೀಲ್, ಧೂಳು, ನೀರು ಇರೋ ಕಡೆ ಅದು ಒಳ್ಳೇದು. ಅದೇ ರಬ್ಬರ್ ಸೀಲ್‌ಗೆ ಎನ್‌ಎಸ್‌ಕೆ ಡಿಡಿಯು ಅಂತ ಬರೆಯುತ್ತೆ, ಎನ್‌ಟಿಎನ್ ಎಲ್‌ಎಲ್‌ಯು ಅಂತ ಬರೆಯುತ್ತೆ. ಸಿ3 ಅಂತಿದ್ರೆ ಒಳಗಡೆ ಸಂದು ಸ್ವಲ್ಪ ಜಾಸ್ತಿ, ಬಿಸಿಯಾಗೋ ಮೋಟರ್‌ಗಳಿಗೆ ಕೇಳ್ತಾರೆ. ಇದನ್ನೆಲ್ಲ ಗೊತ್ತಿರೋರು ಕೂತು ಸಾಫ್ಟ್‌ವೇರ್‌ನಲ್ಲಿ 'ಇದಕ್ಕೆ ಇದು ಬದಲಿ, ಇದಕ್ಕೆ ಇದು ಬದಲಿ ಅಲ್ಲ' ಅಂತ ತುಂಬಿಸ್ಬೇಕು. ಇಲ್ದಿದ್ರೆ ಕಂಪ್ಯೂಟರ್ ಹೆಸರು ನೋಡಿ ತಗಡಿನ ಮುಚ್ಚಳದ್ದನ್ನ ನೀರಿನ ಪಂಪಿಗೆ ತೋರ್ಸುತ್ತೆ. ಅರ್ಜೆಂಟಲ್ಲಿ ಹೊಸಬರ ಹತ್ರ ಕಮ್ಮಿ ರೇಟಿಗೆ ಸಿಕ್ಕಿದ್ದು ತಗೊಂಡ್ರೆ ಇನ್ನೊಂದು ಅಪಾಯ ಇದೆ, ನಕಲಿ ಮಾಲು. ಹೆಸರಿರೋ ಡಬ್ಬದಲ್ಲಿ ನಕಲಿ ಬೇರಿಂಗ್ ಬರೋದು ಹೊಸದೇನಲ್ಲ. ಅದಕ್ಕೇ ಬದಲಿ ಸಪ್ಲೈಯರ್‌ನ ಮಾಲು ಸಿಗದ ದಿನ ಹುಡುಕಬಾರದು, ಆರಾಮಾಗಿರೋ ದಿನ ಪರೀಕ್ಷೆ ಮಾಡಿ ಇಟ್ಕೊಂಡಿರಬೇಕು.

ಈ ಕೊನೆಯ ಮಾತಿಗೆ ಒಂದು ದೊಡ್ಡ ಸಾಕ್ಷಿ ಇದೆ. 2000ದ ಮಾರ್ಚ್ 17. ಅಮೆರಿಕದ ಆಲ್ಬುಕರ್ಕಿಯಲ್ಲಿದ್ದ ಫಿಲಿಪ್ಸ್ ಕಂಪನಿಯ ಚಿಪ್ ಫ್ಯಾಕ್ಟರಿಯಲ್ಲಿ ಸಿಡಿಲಿನಿಂದ ಬೆಂಕಿ. ಸುಮಾರು ಹತ್ತು ನಿಮಿಷದಲ್ಲಿ ಆರಿಸಿದ್ರು. ಆದ್ರೆ ಹೊಗೆ, ನೀರು ಸೇರಿ ಚಿಪ್ ಮಾಡೋ ಸ್ವಚ್ಛ ಕೋಣೆಗಳು ಹಾಳಾದವು. ಆ ಚಿಪ್‌ಗಳನ್ನ ನಂಬಿದ್ದ ದೊಡ್ಡ ಗ್ರಾಹಕರು ಇಬ್ಬರು, ನೋಕಿಯಾ ಮತ್ತೆ ಎರಿಕ್ಸನ್. ಇಬ್ಬರಿಗೂ ಮೊದಲು ಬಂದ ಸುದ್ದಿ ಒಂದೇ: ಸುಮಾರು ಒಂದು ವಾರ ತಡ. ನೋಕಿಯಾ ಆ ಮಾತನ್ನ ಅಷ್ಟಕ್ಕೇ ಬಿಡಲಿಲ್ಲ. ಆ ಬಿಡಿಭಾಗಗಳ ಮೇಲೆ ದಿನಾ ಕಣ್ಣಿಟ್ಟಿತು. ತಡ ತಿಂಗಳುಗಟ್ಟಲೆ ಹೋಗುತ್ತೆ ಅಂತ ಗೊತ್ತಾದ ತಕ್ಷಣ ಫಿಲಿಪ್ಸ್‌ನ ಬೇರೆ ಫ್ಯಾಕ್ಟರಿಗಳನ್ನ, ಜಪಾನ್ ಮತ್ತೆ ಅಮೆರಿಕದ ಬೇರೆ ಚಿಪ್ ಕಂಪನಿಗಳನ್ನ ಹಿಡೀತು. ಎರಿಕ್ಸನ್ ಕಾಯ್ತು. ಖರ್ಚು ಉಳಿಸೋಕೆ ಬದಲಿ ಸಪ್ಲೈಯರ್‌ಗಳನ್ನ ಮೊದಲೇ ಕೈಬಿಟ್ಟಿದ್ರಿಂದ ಅದು ಎಚ್ಚೆತ್ತಾಗ ಬಾಗಿಲು ಮುಚ್ಚಿತ್ತು. ಎರಿಕ್ಸನ್ ಕಳ್ಕೊಂಡ ಮಾರಾಟ ಸುಮಾರು 40 ಕೋಟಿ ಡಾಲರ್. ಮರುವರ್ಷ ಅದು ಫೋನ್ ವ್ಯಾಪಾರವನ್ನ ಸೋನಿ ಜೊತೆ ಸೇರಿಸಿತು. ಅದಕ್ಕೆ ಬೇರೆ ಕಾರಣಗಳೂ ಇದ್ವು, ಆದ್ರೆ ಈ ಹೊಡೆತ ಸಣ್ಣದಾಗಿರಲಿಲ್ಲ. 'ಒಂದು ವಾರ ತಡ' ಅನ್ನೋ ಮಾತನ್ನ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ಮರೆತುಬಿಡೋರಿಗೆ ಈ ಕಥೆ.

ಈಗ ಬದಲಿ ಮಾಲು ಬಂತು ಅಂದ್ಕೊಳ್ಳಿ. ಕೆಲಸ ಮುಗೀಲಿಲ್ಲ. ಮೊದಲ ಸಪ್ಲೈಯರ್‌ಗೆ 25ಕ್ಕೆ ಪರ್ಚೇಸ್ ಆರ್ಡರ್ ಹಾಕಿದ್ವಿ, 5 ಬೇರೆ ಕಡೆ ತಗೊಂಡ್ವಿ. ಹಳೇ ಆರ್ಡರನ್ನ 20ಕ್ಕೆ ಇಳಿಸ್ಬೇಕು. ಮರೆತ್ರೆ 5 ಜಾಸ್ತಿ ಬರುತ್ತೆ. ಒಂದು ಐಟಂನಲ್ಲಿ 5 ಏನೂ ಅಲ್ಲ. ಸಾವಿರ ಐಟಂ ಇರೋ ಅಂಗಡಿಯಲ್ಲಿ ವರ್ಷವಿಡೀ ಹೀಗೇ ಆದ್ರೆ ದುಡ್ಡೆಲ್ಲ ರ‍್ಯಾಕ್ ಮೇಲೆ ಧೂಳು ಹಿಡಿದು ಕೂತಿರುತ್ತೆ, ಸಂಬಳದ ದಿನ ಬ್ಯಾಂಕಲ್ಲಿ ಇರಲ್ಲ.

ಇನ್ನೊಂದು ಕಷ್ಟದ ಪ್ರಶ್ನೆ: ಬಂದ ಮಾಲು ಮೊದಲು ಯಾರಿಗೆ? ಸಾಫ್ಟ್‌ವೇರ್ ಹೇಳೋದು ಮೊದಲು ಆರ್ಡರ್ ಕೊಟ್ಟವ್ರಿಗೆ. ಮಾಲೀಕರು ಹೇಳೋದು ದೊಡ್ಡ ಪಾರ್ಟಿಗೆ. ಫೋನ್ ಹೇಳೋದು ಜೋರಾಗಿ ಬೈದವ್ರಿಗೆ. ನನ್ನ ಅಭಿಪ್ರಾಯ ಹೇಳ್ತೀನಿ. ನಿಯಮ ತಾರೀಖಿನ ಪ್ರಕಾರ ಇರಲಿ. ಮುರೀಬೇಕಾದ್ರೆ ಕೆಲಸ ನಿಂತಿರೋರಿಗಾಗಿ ಮುರೀರಿ, ಸ್ಟಾಕ್ ತುಂಬ್ಸೋರಿಗಾಗಿ ಬೇಡ. ಯಾಕೆ ಮುರಿದ್ರಿ ಅಂತ ಆರ್ಡರ್ ಮೇಲೆ ಒಂದು ಸಾಲು ನೋಟ್ ಹಾಕಿ. ದೊಡ್ಡ ಗಲಾಟೆ ಮಾಡದೇ ಕಾಯ್ತಿರೋ ಸಣ್ಣ ಅಂಗಡಿಯವರೇ ಪ್ರತಿ ಸಲ ಹಿಂದೆ ಉಳಿಯೋದನ್ನ ನಾನು ನೋಡಿದ್ದೀನಿ. ಕೆಲವು ಸಲ ಹಾಗಾದ್ಮೇಲೆ ಅವ್ರು ಕಂಪ್ಲೇಂಟ್ ಮಾಡಲ್ಲ. ಸುಮ್ನೆ ಬೇರೆ ಡೀಲರ್ ಹತ್ರ ಹೋಗ್ತಾರೆ.

ಕೊಳ್ಳೋರ ಕಡೆಯಿಂದಲೂ ಎರಡು ಮಾತು. ಆನ್‌ಲೈನ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಮಾರೋರಿಗೆ 2020ರ ಗ್ರಾಹಕ ಸಂರಕ್ಷಣೆ ಇ-ಕಾಮರ್ಸ್ ನಿಯಮಗಳು ಅನ್ವಯ ಆಗ್ತವೆ. ಹೇಳಿದ ದಿನಕ್ಕಿಂತ ತಡವಾಗಿ ಬಂದ್ರೆ, ಅಥವಾ ಹೇಳಿದ್ದಕ್ಕಿಂತ ಬೇರೆ ಗುಣದ ವಸ್ತು ಬಂದ್ರೆ, ವಾಪಸ್ ತಗೊಳಲ್ಲ ಅಂತ ಅವರು ಹೇಳೋ ಹಾಗಿಲ್ಲ. ಪ್ರವಾಹದಂಥ ಕೈಮೀರಿದ ಕಾರಣಕ್ಕೆ ತಡ ಆದ್ರೆ ಮಾತ್ರ ವಿನಾಯಿತಿ. ಖರೀದಿಗೆ ನಿಮ್ಮ ಒಪ್ಪಿಗೆಯನ್ನ ಮೊದಲೇ ಟಿಕ್ ಮಾಡಿಟ್ಟಿರೋ ಬಾಕ್ಸ್ ಮೂಲಕ ತಗೊಳ್ಳೋ ಹಾಗೂ ಇಲ್ಲ. ಅಂದ್ರೆ ಬದಲಿ ಸಾಮಾನು ಕಳಿಸೋ ಮುಂಚೆ ಕೇಳೋದು ಮರ್ಯಾದೆಯ ವಿಷಯ ಮಾತ್ರ ಆಗಿ ಉಳಿದಿಲ್ಲ. ಕೇಳದೇ ಕಳಿಸಿದ್ರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ನೀವು ಚಿಕ್ಕದಾಗಿ ಮಾರ್ತಿದ್ರೆ ದುಬಾರಿ ಸಾಫ್ಟ್‌ವೇರ್ ಬೇಡ, ಮೊಬೈಲಿನ ಒಂದು ಶೀಟ್ ಸಾಕು. ಆರು ಕಾಲಂ: ಐಟಂ, ಗ್ರಾಹಕರು, ಬಾಕಿ ಎಷ್ಟು, ಹೇಳಿರೋ ತಾರೀಖು, ಯಾವ ಸಪ್ಲೈಯರ್‌ನಿಂದ ಬರ್ತಿದೆ, ಅವರು ಕೈಕೊಟ್ರೆ ಎರಡನೆಯವರು ಯಾರು. ಬೆಳಿಗ್ಗೆ ಹತ್ತು ನಿಮಿಷ ಆ ಶೀಟ್ ತೆರೆದು, ಹೇಳಿದ ತಾರೀಖು ತಪ್ಪೋ ಹಾಗಿದ್ರೆ ಗ್ರಾಹಕರು ಕೇಳೋ ಮುಂಚೆ ನೀವೇ ಮೆಸೇಜ್ ಹಾಕಿ. ಮೂರು ಆಯ್ಕೆ ಕೊಡಿ: ಕಾಯ್ತೀರಾ, ಬದಲಿ ನಡೆಯುತ್ತಾ, ದುಡ್ಡು ವಾಪಸ್ ಬೇಕಾ. ಮೂರನೇದನ್ನ ಬಚ್ಚಿಡಬೇಡಿ. ವಾಪಸ್ ಕೊಡ್ತೀನಿ ಅಂತ ಮೊದಲೇ ಹೇಳೋರನ್ನ ನಂಬಿ ಜನ ಕಾಯ್ತಾರೆ.

ನೀವು ಯಾವ ಸಾಮಾನಿಗೆ ಕಾಯ್ತಾ ಇದ್ದೀರ, ಅಥವಾ ಯಾರನ್ನ ಕಾಯಿಸ್ತಾ ಇದ್ದೀರ? ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡಲ್ಲಿ ಕೆಲವನ್ನ ಕೇಳ್ಸೋಣ. ಅಲ್ಲಿವರೆಗೂ ಕೊಟ್ಟ ತಾರೀಖು ನೆನಪಿರಲಿ.